ಹರಕೆ, ಮೀಸಲು, ಎಡೆ



ದೇವರಿಗೆ ಕೊಡುವುದಕ್ಕೆ ನಮ್ಮ ಮಾತಿನಲ್ಲಿ ಎಷ್ಟು ಹೆಸರುಗಳಿವೆ ಎಂದು ಒಮ್ಮೆ ಎಣಿಸಿ ನೋಡಿ. ಹರಕೆ, ಕಾಣಿಕೆ, ಮುಡಿಪು, ಮೀಸಲು, ನೈವೇದ್ಯ, ಎಡೆ, ಬಲಿ, ಆರತಿ. ಇವೆಲ್ಲ ಒಂದೇ ಅರ್ಥದ ಮಾತುಗಳಲ್ಲ. ಒಂದೊಂದಕ್ಕೂ ಒಂದೊಂದು ಹೊತ್ತು, ಒಂದೊಂದು ರೀತಿ ಇದೆ. ಇವುಗಳಲ್ಲಿ ಮೂರನ್ನು ಮಾತ್ರ ಆರಿಸಿಕೊಂಡು ಈ ಹೊತ್ತಿನ ಮಾತನ್ನು ಕಟ್ಟಿದ್ದೇನೆ. ಹರಕೆ, ಮೀಸಲು ಮತ್ತು ಎಡೆ.

ಮೊದಲು ಹರಕೆ. ನಮ್ಮ ಸುತ್ತಲಿನ ತಮಿಳು ಬಂಧುಗಳು ಹರಕೆಗೆ 'ನೇರ್ತ್ತಿಕ್ಕಡನ್' ಎನ್ನುತ್ತಾರೆ. ಕಡನ್ ಎಂದರೆ ಸಾಲ. ದೇವರಿಗೆ ಮಾತು ಕೊಟ್ಟಮೇಲೆ ಅದು ಸಾಲ, ತೀರಿಸಲೇಬೇಕು. ನಾವೂ 'ಹರಕೆ ತೀರಿಸುವುದು' ಎಂದೇ ಹೇಳುತ್ತೇವೆ. ಆದರೆ ಕನ್ನಡದ ಹರಕೆಗೆ ಇನ್ನೊಂದು ಅರ್ಥವೂ ಇದೆ. ಹಿರಿಯರ ಹರಕೆ ಎಂದರೆ ಹಿರಿಯರ ಆಶೀರ್ವಾದ. ನಾವು ಹೊರುವುದೂ ಹರಕೆ, ಮೇಲಿನಿಂದ ನಮ್ಮ ತಲೆಯ ಮೇಲೆ ಇಳಿಯುವುದೂ ಹರಕೆ. ಕೊಡುವುದಕ್ಕೂ ಪಡೆಯುವುದಕ್ಕೂ ಒಂದೇ ಮಾತನ್ನು ಇಟ್ಟವರು ಏನನ್ನೋ ತಿಳಿದೇ ಇಟ್ಟಿರಬೇಕು.

ಎರಡನೆಯದು ಮೀಸಲು. ಬಳಕೆಗೆ ಮೊದಲೇ ಬೇರೆ ತೆಗೆದಿಟ್ಟದ್ದು, ಯಾರೂ ಕೈ ಹಾಕಬಾರದ್ದು ಮೀಸಲು. ಹೊಸ ಬೆಳೆಯ ಮೊದಲ ಮೊರ, ಕರು ಹಾಕಿದ ಹಸುವಿನ ಮೊದಲ ಹಾಲು ಇವೆಲ್ಲ ಮೀಸಲು. ಮೂರನೆಯದು ಎಡೆ. ಎಡೆ ಎಂದರೆ ಜಾಗ. ಎಲೆಯ ಮೇಲೆ ಬಡಿಸಿ ದೇವರ ಮುಂದೆ, ಹಿರಿಯರ ಮುಂದೆ ಇಡುವ ಊಟಕ್ಕೂ ಎಡೆ ಎಂದೇ ಹೆಸರು. ನಮ್ಮ ಊಟದಲ್ಲಿ ಇನ್ನೊಬ್ಬರಿಗೆ ಜಾಗ ಮಾಡಿಕೊಡುವುದೇ ಎಡೆ ಇಡುವುದು ಎಂದು ನಾನು ತಿಳಿದುಕೊಂಡಿದ್ದೇನೆ.

ಈ ಮೂರು ಮಾತುಗಳೂ ಒಟ್ಟಿಗೆ ಕಣ್ಣಿಗೆ ಕಾಣುವ ಒಂದು ಜಾಗ ನಮ್ಮ ನಡುವೆಯೇ ಇದೆ. ಕಂಬಂ ಪಟ್ಟಣದ ನಂದಗೋಪಾಲನ್ ತಂಬಿರಾನ್ ಮಾಟ್ಟುತ್ತೊಳುವಂ. ತೊಳುವಂ ಎಂದರೆ ದನದ ದೊಡ್ಡಿ. ತಂಬಿರಾನ್ ಎಂದರೆ ಒಡೆಯ. ಒಡೆಯನ ದನಗಳ ದೊಡ್ಡಿ ಅದು. ಅಲ್ಲಿ ಕಲ್ಲಿನ ಮೂರ್ತಿಗೆ ನಡೆಯುವಂಥ ಪೂಜೆ ನಡೆಯುವುದು ಉಸಿರಾಡುವ ಹಸು ಹೋರಿಗಳಿಗೆ. ಕಂಬಂ ಕಣಿವೆಯ ಕನ್ನಡದ ಮನೆಮಾತಿನ ಕಾಪ್ಪಿಲಿಯ ಗೌಂಡರು ತಲೆಮಾರುಗಳಿಂದ ನಡೆಸಿಕೊಂಡು ಬಂದ ದೊಡ್ಡಿ ಅದು. ತುಂಗಭದ್ರೆಯ ಕಡೆಯಿಂದ ತೆಂಕಣಕ್ಕೆ ವಲಸೆ ಬಂದೆವು, ಬರುವಾಗ ದನಗಳನ್ನೂ ಜೊತೆಗೆ ಹೊಡೆದುಕೊಂಡು ಬಂದೆವು ಎಂಬುದು ಹಿರಿಯರು ಹೇಳುವ ಮಾತು.

1906ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಎಂಬ ಅಧಿಕಾರಿ ಆಗಿನ ಮದುರೈ ಜಿಲ್ಲೆಯ ಗೆಜೆಟಿಯರ್ ಬರೆದರು. ತೇನಿಯಾಗಲಿ ದಿಂಡಿಗಲ್ಲಾಗಲಿ ಆಗ ಪ್ರತ್ಯೇಕ ಜಿಲ್ಲೆಗಳಾಗಿರಲಿಲ್ಲ. ಆ ಪುಸ್ತಕದಲ್ಲಿ ಕಂಬಂನ ಈ ದನಗಳ ವಿಚಾರ ಬರುತ್ತದೆ. ತಮಿಳಿನಲ್ಲಿ ತಂಬಿರಾನ್ ಮಾಡು ಎನ್ನುವುದನ್ನು ಕನ್ನಡದಲ್ಲಿ 'ದೇವರ ಆವು' ಎನ್ನುತ್ತಾರೆ ಎಂದು ಅಲ್ಲಿ ದಾಖಲಾಗಿದೆ. ಹಿಂಡಿನ ಮುಂದಾಳಿಗೆ ಪಟ್ಟದ ಆವು ಎಂದು ಹೆಸರು. ಆವು ಎಂಬುದು ನಮ್ಮ ಹಳೆಯ ಮಾತು. ಬೆಂಗಳೂರಿನ ಬೀದಿಯಲ್ಲಿ ಈಗ ಈ ಮಾತು ಕಿವಿಗೆ ಬೀಳುವುದು ಅಪರೂಪ. ಇಷ್ಟು ದೂರದ ದೊಡ್ಡಿಯೊಂದರಲ್ಲಿ ಪೂಜೆಯ ಜೊತೆ ಅಂಟಿಕೊಂಡು ಅದು ಉಳಿದುಕೊಂಡು ಬಂತು.

ಪಟ್ಟದ ಹೋರಿ ತೀರಿಕೊಂಡಾಗ ಮುಂದಿನದನ್ನು ಆರಿಸುವ ಕ್ರಮವನ್ನೂ ಅಲ್ಲಿ ವಿವರಿಸಿದ್ದಾರೆ. ಒಳ್ಳೆಯ ದಿನ ನೋಡಿ ಇಡೀ ಹಿಂಡನ್ನು ಗುಡಿಯ ಎದುರು ಸೇರಿಸುತ್ತಾರೆ. ಕರ್ಪೂರ, ಬಾಳೆಹಣ್ಣು, ವೀಳ್ಯದೆಲೆ, ಅಡಿಕೆ ಇಟ್ಟು ಪೂಜೆ ಮಾಡುತ್ತಾರೆ. ಆಮೇಲೆ ಒಂದು ಕಬ್ಬಿನ ಕಟ್ಟನ್ನು ಹಿಂಡಿನ ಮುಂದೆ ಇಟ್ಟು ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಾರೆ. ಯಾವ ಹೋರಿ ಮೊದಲು ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೇ ಪಟ್ಟ. ಅರಿಸಿನ, ಕುಂಕುಮ, ಹೂವು ಏರಿಸಿ ಅದನ್ನು ಗೌರವದ ಕೊಟ್ಟಿಗೆಗೆ ಕರೆದೊಯ್ಯುತ್ತಾರೆ. ಅಲ್ಲಿಂದ ಮುಂದೆ ಜೀವಮಾನವೆಲ್ಲ ಅದು ದೇವರು.

ಶ್ರೋತೃಗಳೇ, ಈ ಕ್ರಮದಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಯಾವ ಹೋರಿ ಅಂದವಾಗಿದೆ, ಯಾವುದು ಯಾರ ಮನೆಯಿಂದ ಬಂದದ್ದು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಮನುಷ್ಯರು ಕಬ್ಬನ್ನು ಇಟ್ಟು ಹಿಂದೆ ಸರಿಯುತ್ತಾರೆ. ಕೊಡುವುದು ನಮ್ಮ ಕೈಯಲ್ಲಿದೆ, ಯಾರು ತೆಗೆದುಕೊಳ್ಳಬೇಕು ಎಂಬುದು ನಮ್ಮ ಕೈಯಲ್ಲಿಲ್ಲ. ಒಂದು ಕಬ್ಬಿನ ಕಟ್ಟು ಹೇಳಿಕೊಡುವ ಪಾಠ ಇದು.

ಹಿಂಡು ಬೆಳೆಯುವುದು ಭಕ್ತರ ಹರಕೆಯಿಂದ. ಮಕ್ಕಳಾಗಲಿ, ಕಾಯಿಲೆ ವಾಸಿಯಾಗಲಿ, ಕೊಟ್ಟಿಗೆಯ ದನಗಳಿಗೆ ರೋಗ ಬಾರದಿರಲಿ ಎಂದು ಹರಸಿಕೊಂಡವರು ಕರುಗಳನ್ನು ತಂದು ಬಿಡುತ್ತಾರೆ. ಮಾಟ್ಟು ಪೊಂಗಲ್ ದಿನ ಸುತ್ತಲಿನ ಊರುಗಳಿಂದ ಜಾತಿಯ ಭೇದವಿಲ್ಲದೆ ಜನ ಬಂದು ಕಬ್ಬು, ಬಾಳೆಹಣ್ಣು, ಹಸಿಮೇವು ತಿನ್ನಿಸಿ ಕೈ ಮುಗಿದು ಹೋಗುತ್ತಾರೆ.

ಈಗ ಉಳಿದ ಅರ್ಪಣೆಗಳಿಗೂ ಇದಕ್ಕೂ ಇರುವ ವ್ಯತ್ಯಾಸ ನೋಡೋಣ. ನಮ್ಮ ಈ ಎರಡು ಜಿಲ್ಲೆಗಳಲ್ಲಿ ಅರ್ಪಣೆಗಳ ಬಗೆ ಒಂದಲ್ಲ, ಎರಡಲ್ಲ. ವೀರಪಾಂಡಿಯ ಗೌಮಾರಿಯಮ್ಮನ ಚಿತ್ತಿರೈ ಜಾತ್ರೆಯಲ್ಲಿ ಹೆಣ್ಣುಮಕ್ಕಳು ಕೆಂಡದ ಮಡಕೆಯನ್ನು ಕೈಯಲ್ಲಿ ಹಿಡಿದು ನಡೆಯುತ್ತಾರೆ. ಸಾವಿರ ಕಣ್ಣಿನ ಮಡಕೆ ಎಂಬ ತೂತುಗಳ ಮಡಕೆಯನ್ನೂ ಹೊರುತ್ತಾರೆ. ಕಣ್ಣು ಕಳೆದುಕೊಂಡ ಪಾಂಡ್ಯ ರಾಜನೊಬ್ಬ ಅಲ್ಲಿ ದೃಷ್ಟಿ ಮರಳಿ ಪಡೆದ ಎಂಬುದು ಆ ಸ್ಥಳದ ಕಥೆ. ಇತ್ತ ನಮ್ಮ ಕನ್ನಡದಲ್ಲಿ ಬೇಡರ ಕಣ್ಣಪ್ಪ ತನ್ನ ಕಣ್ಣನ್ನೇ ಕಿತ್ತು ಶಿವನಿಗೆ ಇಟ್ಟವನು. 1954ರಲ್ಲಿ ಆ ಕಥೆ ಚಲನಚಿತ್ರವಾದಾಗ ಕಣ್ಣಪ್ಪನಾಗಿ ಬಂದವರು ರಾಜ್‌ಕುಮಾರ್. ಇವು ಮೈಯನ್ನೇ ಒಡ್ಡುವ ಅರ್ಪಣೆಗಳು.

ಕುಚ್ಚನೂರಿನಲ್ಲಿ ಸುರಭಿ ನದಿಯ ದಂಡೆಯ ಮೇಲೆ ಶನೀಶ್ವರನಿಗೆ ಎಳ್ಳು, ಎಣ್ಣೆ ಅರ್ಪಿಸುತ್ತಾರೆ, ಕಾಗೆಗೆ ಅನ್ನ ಇಡುತ್ತಾರೆ. ಅದೇ ಆವರಣದ ಸೋಣೈ ಕರುಪ್ಪಸ್ವಾಮಿಗೆ ಆಡಿ ಮಾಸದ ಜಾತ್ರೆಯಲ್ಲಿ ಮದ್ಯದ ಬಾಟಲಿಗಳನ್ನು ಕೊಡುತ್ತಾರೆ. ಹೊರಗಿನವರಿಗೆ ಇದು ವಿಚಿತ್ರವಾಗಿ ಕಂಡೀತು. ಆದರೆ ತನಗೆ ಇಷ್ಟವಾದದ್ದನ್ನು, ತನ್ನನ್ನು ಹಿಡಿದಿಟ್ಟದ್ದನ್ನು ದೇವರ ಮುಂದೆ ಇಡುವುದು ಹಳ್ಳಿಯ ಮನಸ್ಸಿಗೆ ಸಹಜ. ಆ ಬಾಟಲಿಯ ಜೊತೆಗೆ ಕುಡಿತವನ್ನೂ ಅಲ್ಲೇ ಬಿಟ್ಟು ಬಂದವನು ಇದ್ದರೆ ಅವನ ಹರಕೆಯೇ ದೊಡ್ಡದು ಎಂದು ಅವನ ಮನೆಯಾಕೆ ಹೇಳುತ್ತಾಳೆ.

ದಿಂಡಿಗಲ್ ಜಿಲ್ಲೆಯ ಪಳನಿಯ ಪಂಚಾಮೃತ ಎಲ್ಲರಿಗೂ ಗೊತ್ತು. ಬಾಳೆಹಣ್ಣು, ಬೆಲ್ಲ, ತುಪ್ಪ, ಜೇನು, ಏಲಕ್ಕಿ, ಜೊತೆಗೆ ಖರ್ಜೂರ, ಕಲ್ಲುಸಕ್ಕರೆ. ಒಂದು ಹನಿ ನೀರನ್ನೂ ಬೆರೆಸುವುದಿಲ್ಲ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆ ಪಂಚಾಮೃತಕ್ಕೆ ಹೆಸರಾದದ್ದು ಪಳನಿ ಬೆಟ್ಟಸಾಲಿನ ವಿರೂಪಾಕ್ಷಿ ಬಾಳೆ. ಈ ಬೆಟ್ಟದ ಬಾಳೆಗೆ ಗೊಂಚಲು ತಲೆ ರೋಗ ತಗಲಿ ತೋಟಗಳು ಹಾಳಾದವು. ಬೆಟ್ಟದಲ್ಲಿ ಬಾಳೆ ಉಳಿಯದೆ ದೇವರ ಬಟ್ಟಲಲ್ಲಿ ಪಂಚಾಮೃತ ಉಳಿಯುತ್ತದೆಯೇ? ಅರ್ಪಣೆಯ ಹಿಂದೆ ಯಾವಾಗಲೂ ಒಂದು ಹೊಲ, ಒಂದು ತೋಟ, ಒಬ್ಬ ದುಡಿಯುವವ ಇರುತ್ತಾನೆ. ನಾವು ಕೈ ಮುಗಿಯುವಾಗ ಅಷ್ಟು ದೂರ ಕಣ್ಣು ಹಾಯಿಸುವುದಿಲ್ಲ.

ದಿಂಡಿಗಲ್ ಪಟ್ಟಣದ ಮುತ್ತಳಗುಪಟ್ಟಿಯಲ್ಲಿ ಸಂತ ಸೆಬಾಸ್ಟಿಯನ್ನರ ಚರ್ಚಿನ ಹಬ್ಬ ಆಗಸ್ಟ್ ತಿಂಗಳಲ್ಲಿ ನಡೆಯುತ್ತದೆ. ಹರಕೆ ಹೊತ್ತವರು ಆಡು, ಕೋಳಿ, ಅಕ್ಕಿ, ತರಕಾರಿ ತಂದು ಕೊಡುತ್ತಾರೆ. ರಾತ್ರಿಯಿಡೀ ಒಲೆ ಉರಿಯುತ್ತದೆ. ಬಂದವರು ಯಾವ ಧರ್ಮದವರೆಂದು ಕೇಳದೆ ಎಲ್ಲರಿಗೂ ಬಡಿಸುತ್ತಾರೆ. ಒಬ್ಬೊಬ್ಬರ ಮನೆಯ ಆಡು ಕೋಳಿ ಒಂದೇ ಹಂಡೆಗೆ ಬಿದ್ದಮೇಲೆ ಇದು ನನ್ನದು ಎನ್ನಲು ಏನೂ ಉಳಿಯುವುದಿಲ್ಲ. ನಮ್ಮ ಶರಣರು ದಾಸೋಹ ಎಂದು ಕರೆದದ್ದಕ್ಕೆ ಇದು ಬಹಳ ಹತ್ತಿರ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳ ಊಟಕ್ಕೆ ರೈತರು ತಮ್ಮ ಬೆಳೆಯಲ್ಲಿ ಒಂದು ಪಾಲನ್ನು ತಂದು ಒಪ್ಪಿಸುವುದೂ ಇದೇ ಸಾಲಿನದು.

ಇನ್ನೊಂದು ಎಡೆ ಇದೆ, ಅದು ನಮ್ಮ ಕಣಿವೆಗೇ ವಿಶೇಷ. ಜನವರಿ 15ರಂದು ಇಲ್ಲಿನ ರೈತರು ಒಬ್ಬ ಇಂಗ್ಲಿಷ್ ಎಂಜಿನಿಯರನ ಹೆಸರಿನಲ್ಲಿ ಪೊಂಗಲ್ ಬೇಯಿಸುತ್ತಾರೆ. ಅವರು ಜಾನ್ ಪೆನ್ನಿಕ್ವಿಕ್. 1841ರ ಜನವರಿ 15ರಂದು ಹುಟ್ಟಿದವರು. ಪಶ್ಚಿಮಕ್ಕೆ ಹರಿದು ಸಮುದ್ರ ಸೇರುತ್ತಿದ್ದ ಪೆರಿಯಾರ್ ನೀರಿಗೆ ಅಡ್ಡಕಟ್ಟೆ ಕಟ್ಟಿ, ಬೆಟ್ಟ ಕೊರೆದು ಪೂರ್ವಕ್ಕೆ ತಿರುಗಿಸಿದವರು. 1887ರಲ್ಲಿ ಆರಂಭವಾದ ಕೆಲಸ 1895ರಲ್ಲಿ ಮುಗಿಯಿತು. ಇಂದು ಕಂಬಂ ಕಣಿವೆಯ 14,707 ಎಕರೆ ಎರಡು ಬೆಳೆಯ ಗದ್ದೆಗೆ ಆ ನೀರೇ ಆಧಾರ. ಪಾಲಾರ್ಪಟ್ಟಿಯಂಥ ಹಳ್ಳಿಗಳಲ್ಲಿ ಅವರ ಚಿತ್ರದ ಮುಂದೆ ಮಡಕೆ ಉಕ್ಕುತ್ತದೆ. 2013ರಲ್ಲಿ ಲೋವರ್ ಕ್ಯಾಂಪಿನಲ್ಲಿ ಅವರಿಗೆ ಸ್ಮಾರಕ ಮಂಟಪವೂ ಆಯಿತು. ಆ ಪೊಂಗಲನ್ನು ಬೇಯಿಸುವವರು ಪೆನ್ನಿಕ್ವಿಕ್ಕರಿಂದ ಇನ್ನು ಏನನ್ನೂ ಬೇಡುವುದಿಲ್ಲ. ಬೇಡಿಕೆ ಇಲ್ಲದ ಎಡೆ ಅದು, ಶುದ್ಧ ಕೃತಜ್ಞತೆ.

ಇಷ್ಟೆಲ್ಲ ಅರ್ಪಣೆಗಳ ನಡುವೆ ದೇವರ ಆವು ಏಕೆ ಬೇರೆ? ತೆಂಗಿನಕಾಯಿ ಒಡೆದರೆ ಅಲ್ಲಿಗೆ ಮುಗಿಯಿತು. ಕರ್ಪೂರ ಉರಿದರೆ ಮುಗಿಯಿತು. ಮುಡಿ ಕೊಟ್ಟರೆ ಮತ್ತೆ ಬೆಳೆಯುತ್ತದೆ. ಪೊಂಗಲನ್ನು ಹಂಚಿಕೊಂಡು ಉಂಡರೆ ಮಡಕೆ ಬರಿದಾಗುತ್ತದೆ. ಆದರೆ ಹರಕೆಯ ಕರು ಬದುಕಿರುತ್ತದೆ. ಅರ್ಪಿಸಿದ ಮರುದಿನ ಬೆಳಿಗ್ಗೆ ಅದಕ್ಕೆ ಹಸಿವಾಗುತ್ತದೆ. ಬೇಸಗೆಯಲ್ಲಿ ನೀರು ಬೇಕು, ಮಳೆಗಾಲದಲ್ಲಿ ಸೂರು ಬೇಕು, ಕಾಲು ಬಾಯಿ ರೋಗ ಬಂದರೆ ಮದ್ದು ಬೇಕು. ಕೊಟ್ಟವನು ಒಂದು ದಿನ ಕೊಟ್ಟು ಹೋಗುತ್ತಾನೆ, ಕಾಯುವವನು ದಿನವೂ ಕೊಡಬೇಕು. ನಾವು ಅರ್ಪಣೆ ಎಂದು ಕರೆಯುವುದು ಆ ಒಂದು ದಿನವನ್ನು. ನಿಜವಾದ ಅರ್ಪಣೆ ನಡೆಯುವುದು ಉಳಿದ ಮುನ್ನೂರ ಅರವತ್ತನಾಲ್ಕು ದಿನ.

ಇದು ಕಂಬಂನ ಮಾತು ಮಾತ್ರವಲ್ಲ. ಕರ್ನಾಟಕದ ಚಿತ್ರದುರ್ಗದ ಕಡೆ, ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಮ್ಯಾಸ ನಾಯಕರು 'ದೇವರ ಎತ್ತು'ಗಳ ಹಿಂಡುಗಳನ್ನು ಸಾಕುತ್ತಾರೆ. ಅವುಗಳ ಕೊರಳಿಗೆ ನೊಗ ಕಟ್ಟುವುದಿಲ್ಲ. ಅವನ್ನು ಕಾಯುವವರಿಗೆ ಕಿಲಾರಿ ಎಂದು ಹೆಸರು. ಮಳೆ ಕಡಿಮೆಯಾದ ವರ್ಷ ಅಲ್ಲಿ ದೇವರ ಎತ್ತುಗಳಿಗೇ ಮೇವಿಲ್ಲದಂತಾಗುತ್ತದೆ. ದನ ಮೇಯುತ್ತಿದ್ದ ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಭೂಮಿ 2010ರ ಆಸುಪಾಸಿನಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ದೇಶಕ್ಕೆ ಅವೂ ಬೇಕು, ಸರಿ. ಆದರೆ ದೇವರಿಗೆ ಬಿಟ್ಟ ಎತ್ತು ಎಲ್ಲಿ ಮೇಯಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ನಮ್ಮ ಕಣಿವೆಯಲ್ಲೂ ಅದೇ ಪ್ರಶ್ನೆ. ಇಲ್ಲಿನ ಮಲೈಮಾಡು ಎಂಬ ಬೆಟ್ಟದ ತಳಿಯ ದನಗಳು ಹಿಂದಿನಿಂದಲೂ ಪಶ್ಚಿಮ ಘಟ್ಟದ ಇಳಿಜಾರಿನಲ್ಲಿ ಮೇದು ಬದುಕಿದವು. ಬೆಳೆ ಕೊಯ್ದ ಹೊಲಗಳಲ್ಲಿ ರಾತ್ರಿ ಮಂದೆ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ದನಗಾಹಿಗೆ ಕಾಳು. ಈಗ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ, ಕೊಟ್ಟಿಗೆಯಲ್ಲಿ ಹಾಲಿಗೆಂದು ಮಿಶ್ರತಳಿ ಬಂದಿದೆ. 2021ರಲ್ಲಿ ಶ್ರೀವಿಲ್ಲಿಪುತ್ತೂರು ಮೇಘಮಲೈ ಹುಲಿ ಮೀಸಲು ಪ್ರದೇಶ ಘೋಷಣೆಯಾಯಿತು. 2022ರ ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟ್ ತಮಿಳುನಾಡಿನ ಕಾಡುಗಳಲ್ಲಿ ದನ ಮೇಯಿಸಬಾರದೆಂದು ಆದೇಶ ಮಾಡಿ, ಅದೇ ತಿಂಗಳು ಆ ಆದೇಶವನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ಮೀಸಲು ಪ್ರದೇಶಗಳಿಗೆ ಸೀಮಿತಗೊಳಿಸಿತು.

ಇಲ್ಲಿ ನಮ್ಮ ಎರಡನೆಯ ಮಾತಿಗೆ ಮತ್ತೆ ಬರಬೇಕು. ದೇವರಿಗೆ ಬಿಟ್ಟ ಕರು ಮೀಸಲು. ಹುಲಿಗೆ ಬಿಟ್ಟ ಕಾಡೂ ಮೀಸಲು. ಒಂದು ಮೀಸಲು ಇನ್ನೊಂದು ಮೀಸಲಿನ ಬಾಗಿಲಲ್ಲಿ ನಿಂತಿದೆ. ಕಾಡನ್ನು ಬೈದು ಪ್ರಯೋಜನವಿಲ್ಲ. ವೈಗೈ ಹುಟ್ಟುವುದು ಆ ಬೆಟ್ಟಗಳಲ್ಲೇ. ಕಾಡು ಬೋಳಾದರೆ ಗದ್ದೆಗೆ ನೀರಿಲ್ಲ, ಗದ್ದೆಗೆ ನೀರಿಲ್ಲದಿದ್ದರೆ ಮಾಟ್ಟು ಪೊಂಗಲ್ಲಿಗೆ ಅಕ್ಕಿಯೂ ಇಲ್ಲ. ಹಾಗೆಂದು ತಲೆಮಾರುಗಳಿಂದ ಬೆಟ್ಟ ಬಲ್ಲ ದನಗಾಹಿಯನ್ನು ಕಳ್ಳನಂತೆ ಕಾಣುವುದೂ ನ್ಯಾಯವಲ್ಲ. ಯಾವ ತಪ್ಪಲಿನಲ್ಲಿ, ಯಾವ ತಿಂಗಳಲ್ಲಿ, ಎಷ್ಟು ದನ ಮೇಯಬಹುದು ಎಂಬುದನ್ನು ಅರಣ್ಯದವರೂ ದನಗಾಹಿಗಳೂ ಒಟ್ಟಿಗೆ ಕುಳಿತು ಮಾತಾಡಬೇಕು.

ಆದರೆ ಅಲ್ಲಿಯವರೆಗೆ ನಮ್ಮ ಪಾಲಿನ ಕೆಲಸವೂ ಇದೆ. ಅದನ್ನೇ ಈ ಹೊತ್ತು ಒತ್ತಿ ಹೇಳಬೇಕೆಂದಿದ್ದೇನೆ. ಹರಕೆಯ ಕರುವನ್ನು ಬಿಡುವ ಮುನ್ನ ನಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಈ ಕರುವನ್ನು ನಾನು ಕೊಡುತ್ತಿರುವುದು ಪ್ರೀತಿಯಿಂದಲೋ, ಸಾಕಲಾರದೆಯೋ? ಹೆಣ್ಣುಕರುವಾದರೆ ಮನೆಗೆ, ಉಳಲೂ ಬಾರದ, ಹಾಲೂ ಕೊಡದ ಗಂಡುಕರುವಾದರೆ ದೇವರಿಗೆ ಎಂದಾದರೆ ಅದು ಅರ್ಪಣೆಯಲ್ಲ, ಹೊರೆ ಇಳಿಸಿಕೊಳ್ಳುವ ಉಪಾಯ. ಶನಿ ಕ್ಷೇತ್ರಗಳಲ್ಲಿ ಮಿಂದು ಉಟ್ಟ ಬಟ್ಟೆಯನ್ನು ನೀರಲ್ಲೇ ಬಿಟ್ಟು ಬರುತ್ತಾರಲ್ಲ, ಅದೂ ಹೀಗೆಯೇ. ನಮ್ಮ ಪೀಡೆ ತೊಲಗಿತು ಎಂದು ನಾವು ಹೊರಡುತ್ತೇವೆ, ಬಟ್ಟೆ ಹೊಳೆಗೆ ಪೀಡೆಯಾಗಿ ಉಳಿಯುತ್ತದೆ. ನಮಗೆ ಬೇಡವಾದದ್ದನ್ನು ಬಿಟ್ಟು ಬರುವುದಕ್ಕೆ ಹರಕೆ ಎಂಬ ಹೆಸರು ಸಲ್ಲದು. ನಮಗೆ ಬೇಕಾದದ್ದರಲ್ಲಿ ಒಂದು ಪಾಲು ತೆಗೆದಿಟ್ಟಾಗಲೇ ಅದು ಮೀಸಲು.

ಆದ್ದರಿಂದ ಒಂದು ಸಲಹೆ. ಕರುವನ್ನು ಹರಸಿಕೊಳ್ಳುವವರು ಅದರ ಜೊತೆಗೆ ಮೇವನ್ನೂ ಹರಸಿಕೊಳ್ಳಲಿ. ಕೊಯ್ಲಾದ ಮೇಲೆ ಒಂದು ಗಾಡಿ ಹುಲ್ಲು ದೊಡ್ಡಿಗೆ ಎಂದು ಮೀಸಲಿಡಲಿ. ದ್ರಾಕ್ಷಿ ತೋಟದವರು, ತೆಂಗಿನ ತೋಟದವರು ಬದುವಿನಲ್ಲಿ ಒಂದಿಷ್ಟು ಹಸಿಮೇವು ಬೆಳೆಯಲಿ. ಊರು ಬಿಟ್ಟು ಚೆನ್ನೈಯಲ್ಲೋ ಬೆಂಗಳೂರಲ್ಲೋ ಕೆಲಸದಲ್ಲಿರುವ ಮಕ್ಕಳು ಮಾಟ್ಟು ಪೊಂಗಲ್ಲಿಗೆ ಬಂದಾಗ ಒಂದು ಕಬ್ಬಿನ ಜಲ್ಲೆ ತಿನ್ನಿಸಿ ಫೋಟೋ ತೆಗೆದುಕೊಂಡು ಹೋಗುವುದರ ಬದಲು ಬೇಸಗೆಯ ಒಂದು ತಿಂಗಳ ಮೇವಿನ ಪಾಲು ವಹಿಸಿಕೊಳ್ಳಲಿ. ಪೊಂಗಲ್ ದಿನ ದೇವರ ಆವಿಗೆ ಹೊಟ್ಟೆ ಬಿರಿಯುವಷ್ಟು ಕಬ್ಬು ಸಿಗುತ್ತದೆ. ಹಸಿಯುವುದು ಮುಂದೆ ಬರುವ ಬಿಸಿಲಿನ ತಿಂಗಳುಗಳಲ್ಲಿ.

ನಿತ್ಯದ ಬದುಕಿಗೂ ಇದೇ ಅಳತೆ. ಒಲೆ ಹೊತ್ತಿಸುವ ಮುನ್ನ ಒಂದು ಹಿಡಿ ಅಕ್ಕಿಯನ್ನು ಬೇರೆ ಮಡಕೆಗೆ ಹಾಕುವ ಪದ್ಧತಿ ಎಷ್ಟೋ ಮನೆಗಳಲ್ಲಿ ಇತ್ತು. ತಿಂಗಳ ಕೊನೆಗೆ ಅದು ಗುಡಿಗೋ ಬಡವರಿಗೋ ಹೋಗುತ್ತಿತ್ತು. ಒಂದು ಹಿಡಿ ಕಡಿಮೆಯಾದದ್ದು ಉಂಡವರಿಗೆ ತಿಳಿಯುತ್ತಿರಲಿಲ್ಲ, ಸೇರಿದ್ದು ಮಾತ್ರ ಇನ್ನೊಬ್ಬರ ಹೊಟ್ಟೆ ತುಂಬುತ್ತಿತ್ತು. ಎಲೆ, ಹೂವು, ಹಣ್ಣು, ನೀರು ಸಾಕು ಎಂದು ಗೀತೆಯಲ್ಲಿ ಕೃಷ್ಣ ಹೇಳುತ್ತಾನೆ. ಬಡವನಿಗೂ ಎಟಕುವಂಥದ್ದು ಅದು. ಆದರೆ ಎಲೆಗೆ ಗಿಡ ಬೇಕು, ಹೂವಿಗೆ ಬಳ್ಳಿ ಬೇಕು, ನೀರಿಗೆ ಹೊಳೆ ಬೇಕು. ಅವನ್ನು ಕಾಯುವುದೂ ಆ ಮಾತಿನೊಳಗೇ ಸೇರಿದೆ.

ಕೊನೆಯದಾಗಿ ನಮ್ಮ ಮಾತಿನ ಬಗ್ಗೆ ಒಂದು ಮಾತು. ಈ ಕಣಿವೆಯಲ್ಲಿ ಕಾಪ್ಪಿಲಿಯರಾಗಲಿ, ಅನುಪ್ಪ ಗೌಂಡರಾಗಲಿ ಶಾಲೆಯಲ್ಲಿ ಓದುವುದು ತಮಿಳು, ಬರೆಯುವುದು ತಮಿಳು. ಕನ್ನಡ ಇರುವುದು ಅಡುಗೆಮನೆಯಲ್ಲಿ, ಕೊಟ್ಟಿಗೆಯಲ್ಲಿ, ದೇವರ ಮುಂದೆ. ಅದಕ್ಕೆ ಇಲ್ಲಿ ಪಠ್ಯಪುಸ್ತಕದ ಆಸರೆ ಇಲ್ಲ. ದೇವರ ಆವು ಎಂಬ ಎರಡು ಮಾತು ಉಳಿದು ಬಂದದ್ದು ದೊಡ್ಡಿಗೆ ದಿನವೂ ಯಾರೋ ಹೋಗಿ ಮೇವು ಹಾಕಿದ್ದರಿಂದ. ಹಿಂಡಿನ ಹಾಗೆ ಮಾತೂ ಕೂಡ. ಹಬ್ಬದ ದಿನ ಹೂವು ಏರಿಸಿದರೆ ಸಾಲದು, ದಿನವೂ ಮಕ್ಕಳ ಕಿವಿಗೆ ಹಾಕಬೇಕು. ಅಜ್ಜಿಯರು ಎಡೆ ಇಡುವಾಗ ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರತಿಯೊಂದು ಪದಾರ್ಥದ ಹೆಸರನ್ನೂ ಕನ್ನಡದಲ್ಲಿ ಹೇಳಿಸಲಿ. ಅದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.

ಹರಸಿಕೊಂಡದ್ದನ್ನು ತೀರಿಸೋಣ. ಒಳ್ಳೆಯದನ್ನೇ ಮೀಸಲಿಡೋಣ. ಕೊಟ್ಟಮೇಲೂ ಅದರ ಹಸಿವನ್ನು ನೆನಪಿಡೋಣ. ಎಲ್ಲರಿಗೂ ಹಿರಿಯರ ಹರಕೆ ಇರಲಿ.